ವಿಡಿಆರ್‌ಎಲ್: ರಿಪೋರ್ಟಿನ ಒಂದು ಸಾಲಿನ ಚರಿತ್ರೆ

ನಾವು ಪುಣೆಗೆ ಬಂದು ನಾಲ್ಕು ವರ್ಷವಾಗಿತ್ತು. ಹೆಂಡತಿ ಮೊದಲ ಸಲ ಬಸಿರಾದಾಗ ಡಾಕ್ಟರು ರಕ್ತ ಪರೀಕ್ಷೆಗೆ ಉದ್ದನೆಯ ಚೀಟಿ ಬರೆದುಕೊಟ್ಟರು. ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಥೈರಾಯ್ಡ್, ಎಚ್‌ಐವಿ, ಹೆಪಟೈಟಿಸ್ ಬಿ, ಕೊನೆಯ ಸಾಲಿನಲ್ಲಿ ವಿಡಿಆರ್‌ಎಲ್. ಎಚ್‌ಐವಿ ಪರೀಕ್ಷೆಗೆ ಲ್ಯಾಬಿನ ಹುಡುಗ ಒಪ್ಪಿಗೆ ಪತ್ರ ಕೊಟ್ಟು ಸಹಿ ಹಾಕಿಸಿಕೊಂಡ. ಕೊನೆಯ ಸಾಲು ಏನೆಂದು ಕೇಳಿದೆ. ‘ರುಟೀನ್ ಸರ್, ಎಲ್ಲರಿಗೂ ಮಾಡ್ತೀವಿ’ ಎಂದು ಹಿಂದಿಯಲ್ಲಿ ಹೇಳಿ ಮುಂದಿನವರನ್ನು ಕರೆದ.

ಶುಕ್ರವಾರ ಸಂಜೆ ರಿಪೋರ್ಟು ಮೊಬೈಲಿಗೆ ಬಂತು. ಎಲ್ಲವೂ ಸರಿಯಿತ್ತು. ಕೊನೆಯ ಸಾಲಿನಲ್ಲಿ ಮಾತ್ರ ದಪ್ಪ ಅಕ್ಷರದಲ್ಲಿ ‘ರಿಯಾಕ್ಟಿವ್, 1:2’ ಎಂದಿತ್ತು. ಡಾಕ್ಟರು ಸೋಮವಾರದವರೆಗೆ ಸಿಗುವಂತಿರಲಿಲ್ಲ. ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು, ಗೂಗಲ್ ಮಾಡಿದೆವು. ಸಿಫಿಲಿಸ್ ಎಂಬ ಪದ ತೆರೆಯ ಮೇಲೆ ಬಂತು.

ರಾತ್ರಿ ಅಡುಗೆಮನೆಯಲ್ಲಿ ಆಕೆ ಕೇಳಿದಳು: ‘ಏನರ ಇದ್ರ ಈಗ ಹೇಳಿಬಿಡು. ನಾ ಸಿಟ್ಟಾಗಂಗಿಲ್ಲ.’ ಏನೂ ಇಲ್ಲ ಅಂದೆ. ಅಲ್ಲಿಗೆ ಬಾಯಿ ಮುಚ್ಚಬಹುದಿತ್ತು. ಮುಚ್ಚಲಿಲ್ಲ. ‘ರಿಪೋರ್ಟ್ ನಿಂದಲ್ಲೇನು?’ ಅಂದೆ. ಆಕೆ ಒಲೆ ಆರಿಸಿ ಹೊರಗೆ ಹೋದಳು. ಗದಗಿನಿಂದ ಬಂದಿದ್ದ ಅತ್ತೆ, ಇಬ್ಬರೂ ಯಾಕೆ ಮಾತಾಡುತ್ತಿಲ್ಲ ಎಂದು ಎರಡು ದಿನ ಕೇಳಿದರು. ಆಫೀಸಿನ ಟೆನ್ಶನ್ ಎಂದು ಇಬ್ಬರೂ ಒಂದೇ ಸುಳ್ಳು ಹೇಳಿದೆವು.

ಸೋಮವಾರ ಡಾಕ್ಟರು ರಿಪೋರ್ಟು ನೋಡಿ, ಗಾಬರಿ ಏನಿಲ್ಲ ಎಂದು ಟಿಪಿಎಚ್‌ಎ ಎಂಬ ಇನ್ನೊಂದು ಪರೀಕ್ಷೆ ಬರೆದರು. ಬುಧವಾರ ಅದು ನೆಗೆಟಿವ್ ಬಂತು. ಬಸಿರಿನಲ್ಲಿ ವಿಡಿಆರ್‌ಎಲ್ ಕೆಲವೊಮ್ಮೆ ಸುಳ್ಳೇ ಪಾಸಿಟಿವ್ ಬರುತ್ತದಂತೆ. ಐದು ದಿನ ಹೀಗೆ ಕಳೆದವು. ರಿಪೋರ್ಟು ಸುಳ್ಳಾಯಿತು, ನಾನಾಡಿದ ಮಾತು ಹಾಗೇ ಉಳಿಯಿತು. ಇದನ್ನೆಲ್ಲ ಬರೆಯಲೇ ಎಂದು ಕೇಳಿದಾಗ ಆಕೆ, ‘ನನ್ನ ಹೆಸರು ಬ್ಯಾಡ. ಆ ಮಾತು ಮಾತ್ರ ಬಿಡದ ಬರಿ’ ಅಂದಳು.

ಆಮೇಲೆ ಆ ನಾಲ್ಕು ಅಕ್ಷರಗಳ ಬೆನ್ನು ಹತ್ತಿ ಓದತೊಡಗಿದೆ. ‘ಇದನ್ನು ತಂದವರು ಯಾರು?’ ಎಂದು ಆ ರಾತ್ರಿ ನಾನು ಕೇಳಿದ್ದು ಹೊಸ ಪ್ರಶ್ನೆಯೇನಲ್ಲ, ಅದಕ್ಕೆ ಐನೂರು ವರ್ಷದ ಚರಿತ್ರೆಯಿದೆ ಎಂದು ಗೊತ್ತಾಯಿತು.

*

ಯುರೋಪಿನ ದಾಖಲೆಗಳಲ್ಲಿ ಈ ರೋಗ ದೊಡ್ಡದಾಗಿ ಕಾಣಿಸಿಕೊಂಡದ್ದು 1495ರಲ್ಲಿ. ಫ್ರಾನ್ಸಿನ ದೊರೆ ಎಂಟನೆಯ ಚಾರ್ಲ್ಸ್ ಇಟಲಿಯ ನೇಪಲ್ಸ್ ಗೆದ್ದ. ಅವನ ಸೈನಿಕರ ಮೈತುಂಬ ಹುಣ್ಣೆದ್ದವು. ಸೈನ್ಯ ಚದುರಿ ಊರೂರಿಗೆ ಮರಳಿದಾಗ ರೋಗವೂ ಜೊತೆಗೆ ಹೋಯಿತು. ಅದಕ್ಕೆ ಎರಡು ವರ್ಷ ಹಿಂದೆ ಅಮೆರಿಕದಿಂದ ಮರಳಿದ ಕೊಲಂಬಸನ ಹಡಗುಗಳೇ ಇದನ್ನು ತಂದವೋ, ಮೊದಲೇ ಯುರೋಪಿನಲ್ಲಿ ಇತ್ತೋ ಎಂಬ ವಾದ ಇನ್ನೂ ಮುಗಿದಿಲ್ಲ.

ಹೆಸರಿಡುವ ವಿಷಯದಲ್ಲಿ ಮಾತ್ರ ಯಾರಿಗೂ ಅನುಮಾನವಿರಲಿಲ್ಲ. ಇಟಲಿಯವರು ಫ್ರೆಂಚ್ ರೋಗ ಎಂದರು. ಫ್ರೆಂಚರು ನೇಪಲ್ಸ್ ರೋಗ ಎಂದರು. ರಷ್ಯನ್ನರು ಪೋಲಿಷ್ ರೋಗ ಎಂದರು. ತುರ್ಕರು ಕ್ರೈಸ್ತರ ರೋಗ ಎಂದರು. ಸಿಫಿಲಿಸ್ ಎಂಬ ಹೆಸರು ಬಂದದ್ದು 1530ರಲ್ಲಿ, ವೆರೋನಾದ ವೈದ್ಯ ಫ್ರಕಸ್ಟೊರೊ ಲ್ಯಾಟಿನ್ನಿನಲ್ಲಿ ಬರೆದ ಕಾವ್ಯದಿಂದ. ಅದರಲ್ಲಿ ಸಿಫಿಲಸ್ ಎಂಬ ಕುರುಬ ದೇವರನ್ನು ನಿಂದಿಸಿ ಈ ರೋಗದ ಶಾಪ ಪಡೆಯುತ್ತಾನೆ. ಅಲ್ಲಿಯೂ ಒಬ್ಬ ತಪ್ಪಿತಸ್ಥ ಬೇಕಾಗಿದ್ದ.

ನಾವೂ ಹಿಂದೆ ಬೀಳಲಿಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. ಹದಿನಾರನೆಯ ಶತಮಾನದಲ್ಲಿ ಭಾವಮಿಶ್ರ ಬರೆದ ‘ಭಾವಪ್ರಕಾಶ’ದಲ್ಲಿ ಫಿರಂಗ ರೋಗ ಎಂಬ ಹೊಸ ಅಧ್ಯಾಯವೇ ಸೇರಿತು. ಚರಕ, ಸುಶ್ರುತರ ಪಟ್ಟಿಯಲ್ಲಿ ಇಲ್ಲದ ಈ ರೋಗ ಫಿರಂಗಿಗಳ ಸಂಪರ್ಕದಿಂದ ಬರುತ್ತದೆ ಎಂಬುದು ಆ ಗ್ರಂಥದ ವಿವರಣೆ. ಕನ್ನಡದಲ್ಲಿ ಫಿರಂಗಿಯವರು ಪರಂಗಿಯವರಾದರು, ರೋಗ ಪರಂಗಿ ಹುಣ್ಣಾಯಿತು. ಅದಕ್ಕೆ ಮದ್ದಾಗಿ ಬಂದ ಬೇರಿಗೂ ಅದೇ ಗುರುತು ಅಂಟಿತು. ಗ್ರಂಧಿಗೆ ಅಂಗಡಿಯಲ್ಲಿ ಇವತ್ತಿಗೂ ಪರಂಗಿ ಚಕ್ಕೆ ಎಂದು ಕೇಳಿದರೆ ಕೆಂಪು ಬಿಳಿ ಮಿಶ್ರಿತ ಒಣ ಗಡ್ಡೆಯ ಚೂರು ಕಟ್ಟಿಕೊಡುತ್ತಾರೆ. ಉತ್ತರದಲ್ಲಿ ಇದೇ ಚೋಪಚೀನಿ. ಅದು ಬಂದದ್ದು ಚೀನಾದಿಂದ.

ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತ 1563ರಲ್ಲಿ ಅಲ್ಲಿಯೇ ಅಚ್ಚಾದ ತನ್ನ ಪುಸ್ತಕದಲ್ಲಿ ಈ ಚೀನೀ ಬೇರಿಗೆ ಒಂದು ಸಂವಾದವನ್ನೇ ಮೀಸಲಿಟ್ಟಿದ್ದಾನೆ. ಮುಂಬಯಿ ದ್ವೀಪವನ್ನು ಗುತ್ತಿಗೆಗೆ ಪಡೆದಿದ್ದವನೂ ಇವನೇ. ಮುಂಬಯಿಯ ಕನ್ನಡಿಗರು ಓಡಾಡುವ ಫೋರ್ಟಿನಲ್ಲಿ ಆಗ ಅವನ ತೋಟದ ಮನೆ ಇತ್ತು.

ಬೇರಿನಿಂದ ರೋಗ ವಾಸಿಯಾಗುತ್ತಿರಲಿಲ್ಲ. ಪಾದರಸದ ಮುಲಾಮು, ಹೊಗೆ, ರಸಕರ್ಪೂರದ ಗುಳಿಗೆ ಇವೇ ನಾಲ್ಕು ಶತಮಾನ ಇಲ್ಲಿಯೂ ಅಲ್ಲಿಯೂ ನಡೆದ ಚಿಕಿತ್ಸೆ. ಹಲ್ಲು ಉದುರುತ್ತಿತ್ತು, ಜೊಲ್ಲು ಸುರಿಯುತ್ತಿತ್ತು. ಅಷ್ಟರಲ್ಲಿ ಹುಣ್ಣು ಮಾಯುತ್ತಿತ್ತು. ಔಷಧ ಕೆಲಸ ಮಾಡಿತು ಎಂದು ರೋಗಿಯೂ ವೈದ್ಯನೂ ನಂಬುತ್ತಿದ್ದರು.

ಈ ರೋಗದ ಕಳ್ಳತನ ಇರುವುದೇ ಇಲ್ಲಿ. ಸೋಂಕು ತಗಲಿದ ಸುಮಾರು ಮೂರು ವಾರಕ್ಕೆ ಒಂದು ಹುಣ್ಣು ಏಳುತ್ತದೆ. ನೋವಿರುವುದಿಲ್ಲ. ಹೆಣ್ಣಿನಲ್ಲಿ ಅದು ಒಳಗಡೆ ಇದ್ದರೆ ಆಕೆಗೆ ಗೊತ್ತೇ ಆಗುವುದಿಲ್ಲ. ಮದ್ದು ಮಾಡಲಿ ಬಿಡಲಿ, ಕೆಲವು ವಾರಗಳಲ್ಲಿ ತಾನೇ ಮಾಯುತ್ತದೆ. ಮುಂದೆ ಮೈಮೇಲೆ, ಅಂಗೈ ಅಂಗಾಲಿನಲ್ಲಿ ಕೆಂಪು ಕಲೆಗಳೇಳಬಹುದು. ಅವೂ ಹೋಗುತ್ತವೆ. ಆಮೇಲೆ ವರ್ಷಗಟ್ಟಲೆ ಏನೂ ಇಲ್ಲ. ಚಿಕಿತ್ಸೆಯಿಲ್ಲದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಬಹಳ ವರ್ಷಗಳ ಮೇಲೆ ಹೃದಯ, ಮಿದುಳು, ಎಲುಬು ಕೆಡುತ್ತವೆ. ಈ ನಡುವಿನ ಮೌನದಲ್ಲಿ ಬಸಿರಾದ ಹೆಣ್ಣಿನಿಂದ ರೋಗಾಣು ಹೊಕ್ಕುಳಬಳ್ಳಿಯ ದಾರಿಯಲ್ಲಿ ಮಗುವಿಗೆ ಹೋಗುತ್ತದೆ. ಗರ್ಭ ಇಳಿಯಬಹುದು, ಮಗು ಸತ್ತು ಹುಟ್ಟಬಹುದು, ನೋಡಲು ಚೆನ್ನಾಗಿಯೇ ಹುಟ್ಟಿ ತಿಂಗಳುಗಳ ಮೇಲೆ ಕಾಯಿಲೆ ಬೀಳಬಹುದು, ಮುಂದೆ ಕಿವಿ ಕಣ್ಣು ಹೋಗಬಹುದು.

ಕಣ್ಣಿಗೆ ಕಾಣದ ರೋಗವನ್ನು ಕಣ್ಣಿನಿಂದಲೇ ಹುಡುಕಲು ಹೊರಟ ಸರಕಾರವೊಂದು ನಮ್ಮಲ್ಲಿತ್ತು. ಬ್ರಿಟಿಷರ ದಂಡಿನಲ್ಲಿ ಗುಹ್ಯರೋಗದಿಂದ ಆಸ್ಪತ್ರೆ ಸೇರುವ ಸೈನಿಕರು ಹೆಚ್ಚಾದಾಗ, ಹತ್ತೊಂಬತ್ತನೆಯ ಶತಮಾನದ ಆರಂಭದಿಂದಲೇ ಮದ್ರಾಸ್ ಪ್ರಾಂತದಲ್ಲಿ ಲಾಕ್ ಆಸ್ಪತ್ರೆಗಳು ಹುಟ್ಟಿಕೊಂಡವು. ಬೆಂಗಳೂರಿನ ದಂಡು ಪ್ರದೇಶದಲ್ಲಿಯೂ ಒಂದಿತ್ತು. ಹೆಸರು ಬಂದದ್ದು ಲಂಡನ್ನಿನ ಇಂಥದೇ ಹಳೆಯ ಆಸ್ಪತ್ರೆಯಿಂದ, ಬೀಗಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಒಳಗೆ ಹೋದ ಹೆಂಗಸರನ್ನು ಬಿಡುವವರೆಗೆ ಹೊರಗೆ ಬಿಡುತ್ತಿರಲಿಲ್ಲ.

1864ರ ದಂಡು ಪ್ರದೇಶಗಳ ಕಾಯಿದೆ, 1868ರ ಸಾಂಕ್ರಾಮಿಕ ರೋಗಗಳ ಕಾಯಿದೆ ಇದಕ್ಕೆ ಕಾನೂನಿನ ಬಲ ಕೊಟ್ಟವು. ವೇಶ್ಯೆ ಎಂದು ಅಧಿಕಾರಿಗಳು ಗುರುತಿಸಿದ ಹೆಣ್ಣು ಹೆಸರು ನೋಂದಾಯಿಸಬೇಕು, ಗೊತ್ತಾದ ದಿನ ಸರ್ಜನ್ನನ ಮುಂದೆ ತಪಾಸಣೆಗೆ ಮಲಗಬೇಕು, ರೋಗವಿದೆ ಎಂದರೆ ಬಂದಿಯಾಗಬೇಕು. ತಪ್ಪಿಸಿಕೊಂಡರೆ ದಂಡ ಅಥವಾ ಸೆರೆ. ಸೈನಿಕರನ್ನೂ ಹೀಗೆ ಪರೀಕ್ಷಿಸಿದರೆ ಅವರ ಮರ್ಯಾದೆಗೆ ಕುಂದು ಎಂಬ ವಾದವಿತ್ತು. ಮುಂಬಯಿಯಲ್ಲಿ 1870ರಲ್ಲಿ ಕಾಯಿದೆ ಜಾರಿಗೆ ಬಂತು. ಖರ್ಚು ಯಾರದು ಎಂಬ ಜಗಳದಲ್ಲಿ ಎರಡೇ ವರ್ಷದಲ್ಲಿ ನಿಂತು, 1880ರಲ್ಲಿ ಮತ್ತೆ ಬಂತು. ಹೆಂಗಸರು ಊರು ಬಿಟ್ಟು ಓಡಿದರು. ಇಂಗ್ಲೆಂಡಿನಲ್ಲಿ ಜೋಸೆಫೀನ್ ಬಟ್ಲರ್ ನಡೆಸಿದ ಚಳವಳಿಯಿಂದ ಅಲ್ಲಿನ ಕಾಯಿದೆ 1886ರಲ್ಲಿ ರದ್ದಾಯಿತು, ಇಲ್ಲಿನದು 1888ರಲ್ಲಿ.

ಆ ಸರ್ಜನ್ನರ ಕೈಯಲ್ಲಿ ಪರೀಕ್ಷೆ ಎಂಬುದೇನೂ ಇರಲಿಲ್ಲ. ಬರಿಗಣ್ಣಿಗೆ ಕಂಡ ಹುಣ್ಣು, ಬಿಳುಪು, ಕೆಂಪು ಇಷ್ಟೇ. ರೋಗವಿದ್ದೂ ಹುಣ್ಣಿಲ್ಲದವಳು ಪಾರಾಗುತ್ತಿದ್ದಳು. ಬೇರೆ ಏನೋ ತೊಂದರೆಯಿದ್ದವಳು ಒಳಗಾಗುತ್ತಿದ್ದಳು. ಆಕೆಯ ಬಳಿಗೆ ಬಂದ ಗಂಡಸಿನ ಹೆಸರು ಯಾವ ಪುಸ್ತಕದಲ್ಲಿಯೂ ಏರುತ್ತಿರಲಿಲ್ಲ. ಇದನ್ನು ಓದುವಾಗ ನನ್ನ ಅಡುಗೆಮನೆ ನೆನಪಾಯಿತು. ರಿಪೋರ್ಟ್ ನಿಂದಲ್ಲೇನು ಎಂದಾಗ ನಾನು ಮಾಡಿದ್ದೂ ಅದನ್ನೇ. ಪರೀಕ್ಷೆಗೆ ಒಳಗಾದದ್ದು ಆಕೆ, ಆದ್ದರಿಂದ ಉತ್ತರ ಕೊಡಬೇಕಾದವಳೂ ಆಕೆ.

*

ನಿಜವಾದ ಪರೀಕ್ಷೆ ಬಂದದ್ದು ಬರ್ಲಿನ್ನಿನಿಂದ. 1905ರ ಮಾರ್ಚ್ 3ರಂದು ಅಲ್ಲಿನ ಷಾರಿಟೆ ಆಸ್ಪತ್ರೆಯಲ್ಲಿ ಫ್ರಿಟ್ಸ್ ಷೌಡಿನ್ ಮತ್ತು ಎರಿಕ್ ಹಾಫ್‌ಮನ್ ಹುಣ್ಣಿನ ರಸದಲ್ಲಿ ತೆಳ್ಳಗಿನ, ಬೂಚು ತೆಗೆಯುವ ತಿರುಪಿನಂಥ ಜೀವಿಯೊಂದನ್ನು ಕಂಡರು. ಬಣ್ಣ ಸರಿಯಾಗಿ ಹಿಡಿಯದಷ್ಟು ಪೇಲವ. ಇವತ್ತು ಅದರ ಹೆಸರು ಟ್ರೆಪೊನೀಮಾ ಪ್ಯಾಲಿಡಮ್. ಮರುವರ್ಷ, 1906ರಲ್ಲಿ, ಆಗಸ್ಟ್ ಫಾನ್ ವಾಸರ್‌ಮನ್, ಆಲ್ಬರ್ಟ್ ನೈಸರ್, ಕಾರ್ಲ್ ಬ್ರುಕ್ ಸೇರಿ ರಕ್ತದಲ್ಲಿ ರೋಗದ ಗುರುತು ಹಿಡಿಯುವ ವಿಧಾನ ಪ್ರಕಟಿಸಿದರು. ರೋಗಿಯ ರಕ್ತರಸಕ್ಕೆ ಬೆರೆಸಲು ಬೇಕಾದ ವಸ್ತುವನ್ನು ಅವರು ತೆಗೆದದ್ದು ಸಿಫಿಲಿಸ್‌ನಿಂದ ಸತ್ತ ಎಳೆಗೂಸುಗಳ ಯಕೃತ್ತಿನಿಂದ. ಅದರಲ್ಲಿ ರೋಗಾಣು ತುಂಬಿರುತ್ತದೆ ಎಂಬ ಲೆಕ್ಕ. ಬಸಿರು ಹೆಂಗಸರ ರಿಪೋರ್ಟಿನಲ್ಲಿ ಇವತ್ತು ಬರುವ ಆ ಸಾಲಿನ ಮೂಲಕ್ಕೆ ಹೋದರೆ ಸಿಗುವುದು, ಉಳಿಯದೆ ಹೋದ ಹಸುಗೂಸುಗಳು.

ನೈಸರನ ಹೆಸರಿಗೆ ಇನ್ನೊಂದು ಕಥೆಯೂ ಅಂಟಿದೆ. 1890ರ ದಶಕದಲ್ಲಿ ಅವನು ಲಸಿಕೆ ಹುಡುಕುವ ಹುಮ್ಮಸ್ಸಿನಲ್ಲಿ ಸಿಫಿಲಿಸ್ ರೋಗಿಗಳ ರಕ್ತರಸವನ್ನು ಆಸ್ಪತ್ರೆಗೆ ಬಂದ ಹುಡುಗಿಯರಿಗೆ ಹೇಳದೆ ಕೇಳದೆ ಚುಚ್ಚಿದ್ದ. ಅವರಲ್ಲಿ ಕೆಲವರಿಗೆ ಮುಂದೆ ರೋಗ ಬಂದಾಗ, ಅವರು ವೇಶ್ಯೆಯರು, ರೋಗ ಬಂದದ್ದು ಆ ಕಸುಬಿನಿಂದ ಎಂದು ವಾದಿಸಿದ. ನ್ಯಾಯಾಲಯ ದಂಡ ಹಾಕಿತು. ಮನುಷ್ಯರ ಮೇಲೆ ಪ್ರಯೋಗ ಮಾಡಲು ಅವರ ಒಪ್ಪಿಗೆ ಬೇಕು ಎಂದು ಪ್ರಶ್ಯಾ ಸರಕಾರ 1900ರಲ್ಲಿ ಹೊರಡಿಸಿದ ಆದೇಶಕ್ಕೆ ಈ ಪ್ರಕರಣವೇ ಕಾರಣ.

ವಾಸರ್‌ಮನ್ ಪರೀಕ್ಷೆ ಕೆಲಸ ಮಾಡಿತು, ಆದರೆ ಅವರು ತಿಳಿದ ಕಾರಣಕ್ಕಲ್ಲ. ಸ್ವಲ್ಪ ಸಮಯದಲ್ಲಿಯೇ ಆರೋಗ್ಯವಂತ ಎತ್ತಿನ ಹೃದಯದಿಂದ ತೆಗೆದ ಸಾರದಿಂದಲೂ ಅದೇ ಫಲಿತಾಂಶ ಬರುತ್ತದೆ ಎಂದು ಗೊತ್ತಾಯಿತು. ರೋಗಾಣುವೇ ಇಲ್ಲದ ಕಡೆ ಅದರ ಗುರುತು ಹೇಗೆ? ಉತ್ತರ ಸಿಕ್ಕಿದ್ದು 1941ರಲ್ಲಿ. ಅಮೆರಿಕದ ಮೇರಿ ಪ್ಯಾಂಗ್‌ಬೋರ್ನ್ ಎಂಬ ವಿಜ್ಞಾನಿ ಎತ್ತಿನ ಹೃದಯದಿಂದ ಒಂದು ಕೊಬ್ಬಿನ ಅಂಶವನ್ನು ಬೇರ್ಪಡಿಸಿ ಕಾರ್ಡಿಯೊಲಿಪಿನ್ ಎಂದು ಕರೆದರು. ಅದು ನಮ್ಮ ಜೀವಕೋಶಗಳ ಒಳಗೂ ಇದೆ. ಸಿಫಿಲಿಸ್ ಜೀವಕೋಶಗಳನ್ನು ಕೆಡಿಸುವಾಗ ಅದು ಹೊರಬೀಳುತ್ತದೆ, ಮೈ ಅದರ ವಿರುದ್ಧ ಪ್ರತಿಕಾಯ ಮಾಡಿಕೊಳ್ಳುತ್ತದೆ. ಪರೀಕ್ಷೆ ಹಿಡಿಯುವುದು ಈ ಪ್ರತಿಕಾಯವನ್ನು. ಅಂದರೆ ಅದು ಕಳ್ಳನನ್ನು ನೋಡುವುದಿಲ್ಲ, ಮನೆಯಲ್ಲಿ ಒಡೆದ ಪಾತ್ರೆಗಳನ್ನು ನೋಡುತ್ತದೆ. ಪಾತ್ರೆ ಬೇರೆ ಕಾರಣಕ್ಕೂ ಒಡೆಯಬಹುದು. ಮಲೇರಿಯಾ, ಕುಷ್ಠ, ಲೂಪಸ್, ಒಮ್ಮೊಮ್ಮೆ ಬರಿಯ ಬಸಿರು.

ನ್ಯೂಯಾರ್ಕಿನ ಸ್ಟೇಟನ್ ದ್ವೀಪದ ಸರಕಾರಿ ಆಸ್ಪತ್ರೆಯಲ್ಲಿ ಒಂದು ಪ್ರಯೋಗಾಲಯವಿತ್ತು. ಅದರ ಹೆಸರು ವೆನೀರಿಯಲ್ ಡಿಸೀಸ್ ರಿಸರ್ಚ್ ಲ್ಯಾಬೊರೇಟರಿ. 1943ರಲ್ಲಿ ಅಲ್ಲಿ ಜಾನ್ ಮಹೋನಿ, ಆರ್ನಾಲ್ಡ್, ಹ್ಯಾರಿಸ್ ಸೇರಿ ಸಿಫಿಲಿಸ್ ಇದ್ದ ನಾಲ್ವರಿಗೆ ಪೆನಿಸಿಲಿನ್ ಕೊಟ್ಟರು. ಗುಣವಾಯಿತು. ಅದಕ್ಕೂ ಮೊದಲು 1910ರಿಂದ ಪಾಲ್ ಎರ್ಲಿಕ್ ಮತ್ತು ಸಹಾಚಿರೊ ಹಾಟಾ ಕಂಡುಹಿಡಿದ, ಶಂಖಪಾಷಾಣದಿಂದ ಮಾಡಿದ ಸಾಲ್ವರ್ಸಾನ್ ಚುಚ್ಚುತ್ತಿದ್ದರು. ಅದರ ತಾಪತ್ರಯ ದೊಡ್ಡದಿತ್ತು. 1946ರಲ್ಲಿ ಅದೇ ಪ್ರಯೋಗಾಲಯದ ಅದೇ ಹ್ಯಾರಿಸ್, ರೋಸೆನ್‌ಬರ್ಗ್ ಮತ್ತು ರೀಡಲ್ ಜೊತೆ ಸೇರಿ ಕಾರ್ಡಿಯೊಲಿಪಿನ್ ಬಳಸಿ ಸುಲಭ ಪರೀಕ್ಷೆಯೊಂದನ್ನು ರೂಪಿಸಿದರು. ಪ್ರಯೋಗಾಲಯದ ಹೆಸರಿನ ಮೊದಲಕ್ಷರಗಳೇ ಪರೀಕ್ಷೆಯ ಹೆಸರಾದವು.

ಅದರ ವಿಧಾನ ಇಷ್ಟೇ. ರಕ್ತರಸವನ್ನು 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಇಟ್ಟು, ಮೇಲೆ ಕಾರ್ಡಿಯೊಲಿಪಿನ್ ದ್ರಾವಣದ ಹನಿ ಬಿಟ್ಟು, ನಾಲ್ಕು ನಿಮಿಷ ಯಂತ್ರದ ಮೇಲೆ ತಿರುಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಮೊಸರು ಒಡೆದಂತೆ ಕಣಗಳು ಗುಂಪುಗೂಡಿದ್ದರೆ ರಿಯಾಕ್ಟಿವ್. ರಕ್ತರಸವನ್ನು ಎಷ್ಟು ತೆಳುವಾಗಿಸಿದ ಮೇಲೂ ಕಣ ಕೂಡುತ್ತವೆ ಎಂಬುದು ಪಕ್ಕದ ಅಂಕಿ. 1:2 ಎಂದರೆ ಒಮ್ಮೆ ಎರಡು ಪಾಲು ಮಾಡಿದ ಮೇಲೆ ನಿಂತುಹೋಯಿತು ಎಂದು. ಸುಳ್ಳು ಪಾಸಿಟಿವ್‌ಗಳು ಹೆಚ್ಚಾಗಿ ಇಂಥ ಸಣ್ಣ ಅಂಕಿಯಲ್ಲಿಯೇ ಇರುತ್ತವೆ. ಹಾಗೆಂದು ಸಣ್ಣ ಅಂಕಿಯೆಲ್ಲ ಸುಳ್ಳಲ್ಲ. ಆದ್ದರಿಂದಲೇ ರೋಗಾಣುವಿನ ವಿರುದ್ಧದ ಪ್ರತಿಕಾಯವನ್ನೇ ಹುಡುಕುವ ಟಿಪಿಎಚ್‌ಎಯಂಥ ಎರಡನೆಯ ಪರೀಕ್ಷೆ ಬೇಕು. ಅದು ಒಮ್ಮೆ ಪಾಸಿಟಿವ್ ಆದರೆ, ಗುಣವಾದ ಮೇಲೂ ಸಾಮಾನ್ಯವಾಗಿ ಜೀವನವಿಡೀ ಹಾಗೇ ಇರುತ್ತದೆ. ಚಿಕಿತ್ಸೆ ಫಲಿಸಿತೇ ಎಂದು ನೋಡಲು ಮತ್ತೆ ವಿಡಿಆರ್‌ಎಲ್ ಅಂಕಿ ಇಳಿಯಿತೇ ಎಂದು ನೋಡಬೇಕು. ಸೋಂಕು ಯಾವಾಗ ತಗಲಿತು, ಯಾರಿಂದ ತಗಲಿತು ಎಂದು ಎರಡೂ ಹೇಳುವುದಿಲ್ಲ. ಆ ಶುಕ್ರವಾರ ಇಷ್ಟನ್ನು ಯಾರಾದರೂ ಐದು ನಿಮಿಷ ಹೇಳಿದ್ದರೆ ಸಾಕಾಗಿತ್ತು.

*

ಪರೀಕ್ಷೆಯೂ ಇತ್ತು, ಮದ್ದೂ ಇತ್ತು. ಆದರೂ ಮುಂದಿನ ಕಥೆ ಕೆಟ್ಟದ್ದೇ. ಅಮೆರಿಕದ ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ ಸುಮಾರು 600 ಬಡ ಕಪ್ಪು ರೈತರನ್ನು ಸರಕಾರಿ ಆರೋಗ್ಯ ಸೇವೆಯವರು ಗಮನಿಸುತ್ತಿದ್ದರು. ಅವರಲ್ಲಿ 399 ಜನರಿಗೆ ಸಿಫಿಲಿಸ್ ಇತ್ತು. ಅವರಿಗೆ ರೋಗದ ಹೆಸರು ಹೇಳಲಿಲ್ಲ, ರಕ್ತ ಕೆಟ್ಟಿದೆ ಎಂದರು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ರೋಗ ತಾನಾಗಿ ಹೇಗೆ ಬೆಳೆಯುತ್ತದೆ ಎಂದು ನೋಡಬೇಕಿತ್ತು. 1972ರಲ್ಲಿ ಪತ್ರಿಕೆಯಲ್ಲಿ ಬಯಲಾಗುವವರೆಗೂ ಇದು ನಡೆಯಿತು. ಅಷ್ಟರಲ್ಲಿ ಅವರ ಹೆಂಡಂದಿರಿಗೆ, ಮಕ್ಕಳಿಗೆ ಕೂಡ ರೋಗ ಹೋಗಿತ್ತು.

ಇದಕ್ಕಿಂತ ಬಹಳ ತಡವಾಗಿ ಹೊರಬಂದದ್ದು ಗ್ವಾಟೆಮಾಲಾದ ಸಂಗತಿ. ಮಹೋನಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದ ಜಾನ್ ಕಟ್ಲರ್ ಎಂಬ ಯುವ ವೈದ್ಯ 1946ರಿಂದ 1948ರವರೆಗೆ ಅಲ್ಲಿನ ಕೈದಿಗಳು, ಸೈನಿಕರು, ಮನೋರೋಗಿಗಳು, ವೇಶ್ಯೆಯರು ಸೇರಿ 1,300ಕ್ಕೂ ಹೆಚ್ಚು ಜನರಿಗೆ ಬೇಕೆಂದೇ ಗುಹ್ಯರೋಗಗಳ ಸೋಂಕು ತಗಲಿಸುವ ಪ್ರಯೋಗ ನಡೆಸಿದ. ಚರಿತ್ರಕಾರ್ತಿ ಸೂಸನ್ ರೆವರ್ಬಿ ಅವನ ಕಾಗದಪತ್ರಗಳಲ್ಲಿ ಇದನ್ನು ಕಂಡು ಬರೆದ ಮೇಲೆ 2010ರಲ್ಲಿ ಅಮೆರಿಕ ಸರಕಾರ ಕ್ಷಮೆ ಕೇಳಿತು. ಓದುತ್ತ ನಾನು ಒಂದು ಸಾಲಿನಲ್ಲಿ ನಿಂತುಬಿಟ್ಟೆ. ಗ್ವಾಟೆಮಾಲಾ ಬಿಟ್ಟ ಮೇಲೆ 1949ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕಟ್ಲರನನ್ನು ಕಳಿಸಿದ್ದು ಭಾರತಕ್ಕೆ. ಗುಹ್ಯರೋಗ ನಿಯಂತ್ರಣ ಹೇಗೆಂದು ತೋರಿಸಿಕೊಡುವ ತಂಡದ ಮುಖ್ಯಸ್ಥನಾಗಿ. ಆಮೇಲೆ ಅವನು ಟಸ್ಕೀಗಿಯಲ್ಲಿಯೂ ಇದ್ದ.

ಇಷ್ಟೆಲ್ಲ ಆದರೂ ಆ ಪ್ರಯೋಗಾಲಯದ ಪರೀಕ್ಷೆ ಲಕ್ಷಾಂತರ ಮಕ್ಕಳನ್ನು ಉಳಿಸಿದೆ ಎಂಬುದೂ ಸುಳ್ಳಲ್ಲ. ಆರಂಭದ ಹಂತದ ಸಿಫಿಲಿಸ್‌ಗೆ ಇವತ್ತಿಗೂ 24 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನ್‌ನ ಒಂದು ಇಂಜೆಕ್ಷನ್ ಸಾಕು. ಎಂಬತ್ತು ವರ್ಷವಾದರೂ ಈ ರೋಗಾಣು ಪೆನಿಸಿಲಿನ್ನಿಗೆ ಬಗ್ಗದಿರಲು ಕಲಿತಿಲ್ಲ. ಬಸಿರು ಹೆಂಗಸಿನಲ್ಲಿ ಮಗುವನ್ನೂ ಸೇರಿಸಿ ಗುಣಪಡಿಸುವ ಮದ್ದು ಇದೊಂದೇ. ಬೆಲೆ ಕಡಿಮೆ, ಆದ್ದರಿಂದ ತಯಾರಿಸುವವರಿಗೆ ಆಸಕ್ತಿಯೂ ಕಡಿಮೆ. ಹಲವು ದೇಶಗಳಲ್ಲಿ ಆಗಾಗ ಇದರ ಕೊರತೆ ಬೀಳುವುದು ಇದೇ ಕಾರಣಕ್ಕೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ 80 ಲಕ್ಷ ವಯಸ್ಕರಿಗೆ ಹೊಸದಾಗಿ ಸಿಫಿಲಿಸ್ ತಗಲಿತು. ಸೋಂಕಿದ್ದ ಬಸಿರು ಹೆಂಗಸರು 11 ಲಕ್ಷ. ಅದರಿಂದ ಗರ್ಭಕ್ಕೆ ಮಗುವಿಗೆ ಕೇಡಾದ ಪ್ರಕರಣಗಳು 3.9 ಲಕ್ಷ. ನೂರಿಪ್ಪತ್ತು ವರ್ಷ ಹಳೆಯ ಪರೀಕ್ಷೆ, ಎಂಬತ್ತು ವರ್ಷ ಹಳೆಯ ಮದ್ದು ಇದ್ದೂ ಇಷ್ಟು. ಪಕ್ಕದ ಶ್ರೀಲಂಕಾ ತಾಯಿಯಿಂದ ಮಗುವಿಗೆ ಹೋಗುವ ಸಿಫಿಲಿಸ್ ಮತ್ತು ಎಚ್‌ಐವಿ ಎರಡನ್ನೂ ಹೋಗಲಾಡಿಸಿದೆ ಎಂದು 2019ರಲ್ಲಿ ಅದೇ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ಅದನ್ನು ಸಾಧಿಸಿದ ಮೊದಲ ದೇಶ ಕ್ಯೂಬಾ, 2015ರಲ್ಲಿ.

ನಮ್ಮಲ್ಲಿ 1986ರಲ್ಲಿ ಚೆನ್ನೈಯಲ್ಲಿ ಡಾ. ಸುನೀತಿ ಸಾಲೊಮನ್ ತಂಡ ಎಚ್‌ಐವಿಯ ಮೊದಲ ಪ್ರಕರಣಗಳನ್ನು ಗುರುತಿಸಿದ ಮೇಲೆ ಲೈಂಗಿಕ ಸೋಂಕು ಎಂದರೆ ಎಚ್‌ಐವಿ ಎಂದಾಯಿತು. ಬೀದಿ ನಾಟಕ, ಗೋಡೆ ಬರಹ, ರೇಡಿಯೊ ಎಲ್ಲ ಅದಕ್ಕೆ. 2017ರ ಕಾನೂನು ಎಚ್‌ಐವಿ ಪರೀಕ್ಷೆಗೆ ತಿಳಿಸಿ ಒಪ್ಪಿಗೆ ಪಡೆಯಬೇಕು, ಗುಟ್ಟು ಕಾಯಬೇಕು ಎಂದು ಕಡ್ಡಾಯ ಮಾಡಿತು. ಅಂಥ ಹಕ್ಕು ಸಿಕ್ಕಿದ್ದು ದೊಡ್ಡ ಹೋರಾಟದಿಂದ. ಅದೇ ಸೂಜಿಯಿಂದ ತೆಗೆದ ಅದೇ ರಕ್ತದಲ್ಲಿ ಮಾಡುವ ವಿಡಿಆರ್‌ಎಲ್‌ಗೆ ಮಾತ್ರ ಒಂದು ಮಾತೂ ಇಲ್ಲ. ನಮ್ಮ ಮನೆಯ ಐದು ದಿನಗಳು ಈ ಬಿರುಕಿನಲ್ಲಿ ಬಿದ್ದವು.

ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜುಗಳಲ್ಲಿ ಸುರಕ್ಷಾ ಕ್ಲಿನಿಕ್ ಎಂಬ ಫಲಕ ನೋಡಿರಬಹುದು. ಅಲ್ಲಿ ಲಕ್ಷಣ ನೋಡಿ ಬಣ್ಣ ಬಣ್ಣದ ಪೆಟ್ಟಿಗೆಗಳಲ್ಲಿ ಉಚಿತವಾಗಿ ಔಷಧ ಕೊಡುತ್ತಾರೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಲಕ್ಷಣವೇ ಇಲ್ಲದವನು ಆ ಬಾಗಿಲಿಗೆ ಹೋಗುವುದಿಲ್ಲ. ಸಿಫಿಲಿಸ್ ಇರುವ ಬಹಳ ಜನರಿಗೆ ಲಕ್ಷಣವಿರುವುದಿಲ್ಲ. ಆದ್ದರಿಂದ ರಕ್ತ ಪರೀಕ್ಷೆಯನ್ನೇ ಕೇಳಿ ಮಾಡಿಸಬೇಕು. ಮದುವೆಯಾದವರು, ಆಗದವರು, ಗಂಡು ಗಂಡಿನೊಡನೆ ಸಂಬಂಧದಲ್ಲಿರುವವರು, ಎಲ್ಲರಿಗೂ ಈ ಮಾತು ಅನ್ವಯಿಸುತ್ತದೆ. ಸೋಂಕು ತಗಲಿದ ಮೊದಲ ಕೆಲವು ವಾರ ಪರೀಕ್ಷೆ ನೆಗೆಟಿವ್ ಬರಬಹುದು ಎಂಬುದೂ ನೆನಪಿರಲಿ.

ಲಾಕ್ ಆಸ್ಪತ್ರೆಗಳಿಗೆ ತಕ್ಕ ಉತ್ತರವೊಂದು ನಮ್ಮ ಕಡೆಯಿಂದಲೇ ಬಂದಿದೆ. 2000ದ ದಶಕದ ಮಧ್ಯದಲ್ಲಿ ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತೆಯರು ಆಶೋದಯ ಸಮಿತಿ ಕಟ್ಟಿಕೊಂಡರು. ತಮ್ಮವರನ್ನು ತಾವೇ ಕ್ಲಿನಿಕ್ಕಿಗೆ ಕರೆತಂದರು, ಪರೀಕ್ಷೆ ಏನೆಂದು ತಾವೇ ತಿಳಿಸಿದರು. 2004 ಮತ್ತು 2006ರ ಎರಡು ಸಮೀಕ್ಷೆಗಳ ನಡುವೆ ಅಲ್ಲಿನ ಹೆಂಗಸರಲ್ಲಿ ಸಿಫಿಲಿಸ್ ಸುಮಾರು ಅರ್ಧಕ್ಕೆ ಇಳಿದಿತ್ತು. ಹಿಡಿದು ಕೂಡಿಹಾಕಿ ಎರಡು ದಶಕ ಪರೀಕ್ಷಿಸಿದ ಕಾಯಿದೆಗೆ ಇದು ಸಾಧ್ಯವಾಗಿರಲಿಲ್ಲ.

ಒಂದು ವಿಷಯ ಇನ್ನೂ ಉಳಿದಿದೆ. ಬಸಿರು ಹೆಂಗಸಿಗೆ ಸಿಫಿಲಿಸ್ ಇದ್ದು, ಆಕೆಗೆ ಇಂಜೆಕ್ಷನ್ ಕೊಟ್ಟು, ಗಂಡನನ್ನು ಬಿಟ್ಟರೆ ಹೆರಿಗೆಗೆ ಮುಂಚೆಯೇ ಆಕೆಗೆ ಮತ್ತೆ ಸೋಂಕು ತಗಲಬಹುದು. ವೈದ್ಯಶಾಸ್ತ್ರಕ್ಕೆ ಇದು ಗೊತ್ತಿದೆ. ಆದರೂ ಬಸಿರಿನ ಪರೀಕ್ಷೆಗಳ ಚೀಟಿಯಲ್ಲಿ ಗಂಡನಿಗೆ ಜಾಗವಿಲ್ಲ. ಆಕೆಯ ರಿಪೋರ್ಟು ಕೆಟ್ಟರೆ ಮಾತ್ರ ಅವನನ್ನು ಕರೆಯುತ್ತಾರೆ. ಕರೆದಾಗ ಬರುವ ಗಂಡಸರು ಕಡಿಮೆ.

ಮೂರು ವರ್ಷದ ಮೇಲೆ ನಮಗೆ ಎರಡನೆಯ ಮಗುವಿನ ನಿರೀಕ್ಷೆಯಿದ್ದಾಗ ಇಬ್ಬರೂ ಲ್ಯಾಬಿಗೆ ಹೋದೆವು. ಕೌಂಟರಿನ ಹುಡುಗಿ ಚೀಟಿ ನೋಡಿ ಆಕೆಯ ಹೆಸರು ಬರೆದುಕೊಂಡಳು. ನನ್ನದೂ ವಿಡಿಆರ್‌ಎಲ್ ಮಾಡಿ ಎಂದೆ. ‘ಸರ್, ಪ್ರೆಗ್ನೆನ್ಸಿ ಪ್ರೊಫೈಲ್ ಮೇಡಮ್ಮಿಗೆ ಮಾತ್ರ’ ಎಂದಳು. ಪ್ರೊಫೈಲ್ ಬೇಡ, ಅದೊಂದೇ ಸಾಲು ಸಾಕು ಎಂದೆ. ಅವಳು ಕಂಪ್ಯೂಟರಿನಲ್ಲಿ ಸ್ವಲ್ಪ ಹೊತ್ತು ಹುಡುಕಿ ‘ಇತರೆ’ ಎಂಬಲ್ಲಿ ನನ್ನ ಹೆಸರು ಸೇರಿಸಿದಳು. ಹೆಂಡತಿ ಪಕ್ಕದ ಕುರ್ಚಿ ತೋರಿಸಿ, ‘ಮೊದ್ಲ ನೀ ಕೂಡು’ ಅಂದಳು. ನಾನು ತೋಳು ಮಡಚಿ ಕೂತೆ.